ಕಾನೂನು ಪ್ರಶ್ನೋತ್ತರ: ‘ಸುಮ್ಮನೆ ವಿಚಾರಣೆ’ ಎಂದು ಠಾಣೆಗೆ ಕರೆದೊಯ್ದರೆ

ಪ್ರಶ್ನೆ: ಪಂಪ್‌ಸೆಟ್ ಕೇಬಲ್ ಕಳವಿಗೆ ಸಂಬಂಧಿಸಿದಂತೆ ನನ್ನ ತಮ್ಮನನ್ನು ಗುರುವಾರ ರಾತ್ರಿ ‘ಸುಮ್ಮನೆ ವಿಚಾರಣೆ, ಬೆಳಿಗ್ಗೆ ಬಿಡುತ್ತೇವೆ’ ಎಂದು ಠಾಣೆಗೆ ಕರೆದೊಯ್ದರು. ಶುಕ್ರವಾರವಿಡೀ ಅಲ್ಲೇ ಕೂರಿಸಿಕೊಂಡಿದ್ದರು. ಶನಿವಾರ ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ, ಬಂಧಿಸಿದ್ದು ಶನಿವಾರ ಬೆಳಿಗ್ಗೆ ಎಂದು ಕಾಗದದಲ್ಲಿತ್ತು. ಇದು ಸರಿಯೇ? ಈಗ ಏನು ಮಾಡಬಹುದು?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಸರಿಯಲ್ಲ. ಠಾಣೆಯಲ್ಲಿರುವ ವ್ಯಕ್ತಿ ಎದ್ದು ಮನೆಗೆ ಹೋಗಲು ಸ್ವತಂತ್ರನಾಗಿರಬೇಕು, ಇಲ್ಲವೇ ಕಾನೂನಿನ ಪ್ರಕಾರ ಬಂಧಿತನಾಗಿರಬೇಕು. ಇವೆರಡರ ನಡುವೆ ‘ಬಂಧನವಲ್ಲ, ಆದರೆ ಹೋಗುವಂತಿಲ್ಲ’ ಎಂಬ ಸ್ಥಿತಿಯನ್ನು ಯಾವ ಕಾಯ್ದೆಯೂ ಸೃಷ್ಟಿಸಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿಯೂ, ಹಳೆಯ ಸಿಆರ್‌ಪಿಸಿಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಮೂ ಹೇಳುತ್ತವೆ. ಪ್ರಯಾಣಕ್ಕೆ ತಗಲುವ ಸಮಯವನ್ನು ಮಾತ್ರ ಈ ಲೆಕ್ಕದಿಂದ ಕಳೆಯಬಹುದು. ಭಾನುವಾರ, ಹಬ್ಬದ ರಜೆ ಎಂಬ ನೆಪಗಳಿಗೆ ಇಲ್ಲಿ ಜಾಗವಿಲ್ಲ. ರಜೆಯ ದಿನ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ದು ಹಾಜರುಪಡಿಸುವುದು ವಾಡಿಕೆ. ಕಾಗದದಲ್ಲಿ ಸಮಯವನ್ನು ಮುಂದೂಡಿ ಬರೆಯುವ ಪರಿಪಾಠ ಹುಟ್ಟಿದ್ದೇ ಈ 24 ಗಂಟೆಗಳ ಗಡುವಿನಿಂದ ನುಣುಚಿಕೊಳ್ಳಲು ಎಂಬುದು ವಕೀಲರಿಗೂ ಗೊತ್ತು, ಪೊಲೀಸರಿಗೂ ಗೊತ್ತು.

ಅದಕ್ಕೂ ಮೊದಲು ಕೇಳಬೇಕಾದದ್ದು, ಬಂಧನ ಬೇಕಿತ್ತೇ ಎಂಬುದು. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ (ಎರಡನೇ ಬಾರಿ ಅಪರಾಧಿಯಾದವರ ಮಾತು ಬೇರೆ). ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ, ಆರೋಪಿ ಸಾಕ್ಷ್ಯ ನಾಶ ಮಾಡುತ್ತಾನೆ, ಸಾಕ್ಷಿಗಳನ್ನು ಬೆದರಿಸುತ್ತಾನೆ, ತಲೆಮರೆಸಿಕೊಳ್ಳುತ್ತಾನೆ ಎಂಬಂಥ ಕಾರಣಗಳಿದ್ದು, ಅವುಗಳನ್ನು ಲಿಖಿತವಾಗಿ ದಾಖಲಿಸಿದ ಮೇಲಷ್ಟೇ ವಾರಂಟ್ ಇಲ್ಲದೆ ಬಂಧಿಸಬಹುದು. ಇಲ್ಲವಾದರೆ ಅದೇ ಸಂಹಿತೆಯ 35ನೇ ಕಲಮಿನಡಿ ನೋಟಿಸ್ ಕೊಟ್ಟು ಕರೆಸಿ ವಿಚಾರಿಸಬೇಕು. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತು. 2014ರ ಅರ್ನೇಶ್ ಕುಮಾರ್ ತೀರ್ಪು ಇನ್ನೂ ಮುಂದೆ ಹೋಗಿ, ಕಾರಣವಿಲ್ಲದೆ ಬಂಧಿಸುವ ಪೊಲೀಸರಷ್ಟೇ ಅಲ್ಲ, ಆ ಕಾರಣಗಳನ್ನು ಪರಿಶೀಲಿಸದೆ ಕಸ್ಟಡಿಗೆ ಒಪ್ಪಿಸುವ ಮ್ಯಾಜಿಸ್ಟ್ರೇಟರೂ ಇಲಾಖಾ ಕ್ರಮಕ್ಕೆ ಗುರಿಯಾಗಬಹುದೆಂದು ಎಚ್ಚರಿಸಿತು.

ಈಗ ಮೊದಲು ನಿಮ್ಮ ತಮ್ಮನ ಬಂಧನದ ಮೆಮೊ (ಬಂಧಿಸುವಾಗ ಪೊಲೀಸರು ಬರೆಯುವ ದಾಖಲೆ) ಪ್ರತಿಯನ್ನು ವಕೀಲರ ಮೂಲಕ ಪಡೆದು ಸಾವಧಾನವಾಗಿ ಓದಿ. 36ನೇ ಕಲಮಿನ ಪ್ರಕಾರ ಅದಕ್ಕೆ ಮನೆಯವರೊಬ್ಬರು ಅಥವಾ ಆ ಊರಿನ ಗಣ್ಯರೊಬ್ಬರು ಸಾಕ್ಷಿಯಾಗಿ ಸಹಿ ಹಾಕಿರಬೇಕು, ಬಂಧಿತನ ಸಹಿಯೂ ಇರಬೇಕು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಈ ನಿಯಮಗಳೇ ಮುಂದೆ ಕಾಯ್ದೆಯೊಳಗೆ ಸೇರಿದವು. ಸಾಕ್ಷಿಯ ಜಾಗದಲ್ಲಿ ಯಾರ ಹೆಸರಿದೆ, ಆ ವ್ಯಕ್ತಿ ಶನಿವಾರ ಬೆಳಿಗ್ಗೆ ನಿಜಕ್ಕೂ ಎಲ್ಲಿದ್ದರು ಎಂದು ವಿಚಾರಿಸಿದರೆ ಕೆಲವೊಮ್ಮೆ ಇಡೀ ಕಥೆಯೇ ಹೊರಬರುತ್ತದೆ. ಬಂಧನದ ಆಧಾರಗಳನ್ನು ತಿಳಿಸದಿದ್ದರೆ ಬಂಧನವೇ ಅಕ್ರಮ, ನಂತರ ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸುವ ರಿಮಾಂಡ್ ಆದೇಶವೂ ಅದನ್ನು ಸಕ್ರಮಗೊಳಿಸದು ಎಂದು 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆ ಆಧಾರಗಳು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಅವನ ಕೈಸೇರಬೇಕು. ತಕ್ಷಣ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ನ್ಯಾಯಾಲಯಕ್ಕೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಲಿಖಿತ ಪ್ರತಿ ಕೊಡಬೇಕು ಎಂದು ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಎರಡನೆಯದು, ತಡಮಾಡದೆ ಮಾಡಬೇಕಾದದ್ದು: ಠಾಣೆಯ ಸಿಸಿಟಿವಿ ದೃಶ್ಯ. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್‌ನ ಆದೇಶದಂತೆ ಠಾಣೆಯ ಪ್ರವೇಶದ್ವಾರ, ಲಾಕಪ್, ಮೊಗಸಾಲೆ ಎಲ್ಲ ಕಡೆ ಕ್ಯಾಮೆರಾ ಇರಬೇಕು ಮತ್ತು ದೃಶ್ಯಗಳನ್ನು 18 ತಿಂಗಳು, ಅಂಥ ಉಪಕರಣ ಸಿಗದ ಕಡೆ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು. ಗುರುವಾರ ರಾತ್ರಿಯಿಂದ ಶನಿವಾರ ಬೆಳಿಗ್ಗೆಯವರೆಗಿನ ದೃಶ್ಯವನ್ನು ಕಾಪಾಡಿ ಹಾಜರುಪಡಿಸುವಂತೆ ಮ್ಯಾಜಿಸ್ಟ್ರೇಟರಿಗೆ ಇಂದೇ ಅರ್ಜಿ ಕೊಡಿಸಿ. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೂ ಅದು ದಾಖಲೆಯಲ್ಲಿ ಬರಲಿ. ಮ್ಯಾಜಿಸ್ಟ್ರೇಟರು ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಎಂದು ಕೇಳುವ ಆ ಅರ್ಧ ನಿಮಿಷದಲ್ಲಿ ಹೆಚ್ಚಿನವರು ಪಕ್ಕದಲ್ಲಿ ನಿಂತ ಪೇದೆಯನ್ನು ನೋಡಿ ‘ಇಲ್ಲ ಸ್ವಾಮಿ’ ಎಂದುಬಿಡುತ್ತಾರೆ. ಮುಂದಿನ ಹಾಜರಾತಿಯಲ್ಲಿ ನಿಮ್ಮ ತಮ್ಮ ಗುರುವಾರ ರಾತ್ರಿಯ ವಿಷಯ ಹೇಳಲಿ. ಹೇಬಿಯಸ್ ಕಾರ್ಪಸ್ ಅರ್ಜಿ (ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಲು ಕೋರುವ ಅರ್ಜಿ) ಹೆಚ್ಚು ಪ್ರಯೋಜನಕ್ಕೆ ಬರುವುದು ವ್ಯಕ್ತಿ ಇನ್ನೂ ಠಾಣೆಯಲ್ಲಿದ್ದಾಗ. ರಿಮಾಂಡ್ ಆದ ಮೇಲೆ ಸಾಮಾನ್ಯವಾಗಿ ಜಾಮೀನೇ ಹತ್ತಿರದ ದಾರಿ.

ಪ್ರಶ್ನೆ: ಬೇರೆ ಜಿಲ್ಲೆಯ ಪೊಲೀಸರು ವಾಟ್ಸ್‌ಆ್ಯಪ್‌ನಲ್ಲಿ ನೋಟಿಸ್ ಕಳುಹಿಸಿ ಹಾಜರಾಗಲು ಹೇಳಿದ್ದಾರೆ. ಯಾವ ಪ್ರಕರಣ ಎಂದೇ ಅದರಲ್ಲಿಲ್ಲ. ಹೋಗಬೇಕೇ?
– ಓದುಗರು, ಬೀದರ್

ಉತ್ತರ: 35ನೇ ಕಲಮಿನ ನೋಟಿಸನ್ನು ವಾಟ್ಸ್‌ಆ್ಯಪ್ ಮುಂತಾದ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಜಾರಿ ಮಾಡಿದರೆ ಅದನ್ನು ಕ್ರಮಬದ್ಧ ಜಾರಿ ಎಂದು ಪರಿಗಣಿಸಲಾಗದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಆದೇಶಿಸಿ, ಜುಲೈನಲ್ಲಿ ಅದನ್ನು ಸಡಿಲಿಸಲು ನಿರಾಕರಿಸಿದೆ. ನೋಟಿಸಿನಲ್ಲಿ ಅಪರಾಧ ಸಂಖ್ಯೆ ಹಾಗೂ ಆರೋಪದ ವಿವರ ಇರಬೇಕು, ಎಫ್‌ಐಆರ್ ಪ್ರತಿಯನ್ನೂ ಲಗತ್ತಿಸಬೇಕು ಎಂದು ನಮ್ಮ ಹೈಕೋರ್ಟ್ 2024ರಲ್ಲಿ ಹೇಳಿದೆ. ಹಾಗೆಂದು ಸುಮ್ಮನೆ ಕೂರಬೇಡಿ. ಅಪರಾಧ ಸಂಖ್ಯೆ ಮತ್ತು ಎಫ್‌ಐಆರ್ ಪ್ರತಿ ಕಳುಹಿಸಿದರೆ ಹಾಜರಾಗುತ್ತೇನೆ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಕ್ರಮಬದ್ಧವಾಗಿ ನೋಟಿಸ್ ತಲುಪಿದ ಮೇಲೂ ಹೋಗದಿದ್ದರೆ ಬಂಧನಕ್ಕೆ ನೀವೇ ಕಾರಣ ಒದಗಿಸಿದಂತಾಗುತ್ತದೆ. ಕರೆದಾಗಲೆಲ್ಲ ಹೋದರೆ, ಹೊಸ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ.

ಪ್ರಶ್ನೆ: 68 ವರ್ಷದ ನಮ್ಮ ತಂದೆಯನ್ನು ಸಾಕ್ಷಿ ಹೇಳಿಕೆಗೆಂದು ಪದೇ ಪದೇ ಠಾಣೆಗೆ ಕರೆಸುತ್ತಿದ್ದಾರೆ.
– ಓದುಗರು, ಶಿರಸಿ

ಉತ್ತರ: ಹೋಗಬೇಕಿಲ್ಲ. 60 ದಾಟಿದ ಪುರುಷರು, 15ರೊಳಗಿನ ಹುಡುಗರು, ಮಹಿಳೆಯರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರ ಹೇಳಿಕೆಯನ್ನು ಅವರಿರುವ ಮನೆಯಲ್ಲೇ ಪಡೆಯಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ಹೇಳುತ್ತದೆ. ತಾವಾಗಿ ಬರಲು ಒಪ್ಪಿದರೆ ಮಾತ್ರ ಬೇರೆ.

ಪ್ರಶ್ನೆ: ಠಾಣೆಯಲ್ಲಿ ಬರೆದ ತಪ್ಪೊಪ್ಪಿಗೆಗೆ ಹೆದರಿ ಸಹಿ ಹಾಕಿದ್ದೇನೆ. ವಕೀಲರನ್ನು ಒಳಗೆ ಬಿಡಲಿಲ್ಲ. ವಕೀಲರಿಗೆ ಕೊಡಲು ಹಣವೂ ಇಲ್ಲ. ಈ ಸಹಿಯಿಂದಲೇ ನನಗೆ ಶಿಕ್ಷೆಯಾಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಆ ಸಹಿಯೊಂದರಿಂದ ಆಗದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತೆಯೂ ಇಲ್ಲ. ಆದರೆ ಒಂದು ಕಿಂಡಿ ಇದೆ: ನೀವು ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತನ್ನು ಸಾಬೀತುಪಡಿಸಬಹುದು. ಆದ್ದರಿಂದ ಪಂಚನಾಮೆಯಲ್ಲಿ (ಸಾಕ್ಷಿಗಳ ಮುಂದೆ ಬರೆಯುವ ಜಪ್ತಿ ದಾಖಲೆ) ಏನು ವಶಪಡಿಸಿಕೊಂಡಿದ್ದಾರೆಂದು ಬರೆದಿದೆ ಎಂಬುದನ್ನು ಮೊದಲು ನೋಡಿ. ವಕೀಲರನ್ನು ಭೇಟಿಯಾಗುವುದು ಬಂಧಿತನ ಹಕ್ಕು. ವಿಚಾರಣೆಯ ಉದ್ದಕ್ಕೂ ಅವರು ಪಕ್ಕದಲ್ಲೇ ಇರಬೇಕೆಂದು ಮಾತ್ರ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು ಹೇಳುವುದಿಲ್ಲ. ಇನ್ನು ಹಣದ ಮಾತು: ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ಜಾಮೀನಿನ ಮೇಲೆ ಹೊರಗಿದ್ದರೂ ಬಡವರಿಗೆ ಈ ನೆರವಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಎಫ್‌ಐಆರ್ ಪ್ರತಿಯ ಜೊತೆಗೆ, ಸಹಿ ಹಾಕಿಸಿಕೊಂಡ ದಿನ, ಹೊತ್ತು, ಅಲ್ಲಿದ್ದ ಅಧಿಕಾರಿಯ ಹುದ್ದೆ ಇವನ್ನೆಲ್ಲ ನೆನಪಿರುವಾಗಲೇ ಬರೆದಿಟ್ಟ ಹಾಳೆಯನ್ನೂ ಒಯ್ಯಿರಿ.