ಎಸ್‌ಎಸ್‌ಡಿ ಬೇಗ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ?

ಓದುವುದರಿಂದ ಎಸ್‌ಎಸ್‌ಡಿ (ಕಂಪ್ಯೂಟರ್‌ನಲ್ಲಿ ಡೇಟಾ ಉಳಿಸುವ, ತಿರುಗುವ ಡಿಸ್ಕ್ ಇಲ್ಲದ ಡ್ರೈವ್) ಅಷ್ಟಾಗಿ ಸವೆಯುವುದಿಲ್ಲ, ಬರೆದು ಅಳಿಸುವುದರಿಂದ ಸವೆಯುತ್ತದೆ. ಅದರೊಳಗಿನ ಚಿಪ್, ಅಂದರೆ ಫ್ಲ್ಯಾಶ್ ಮೆಮೊರಿ, ಬರೆಯುವುದು ಒಂದೊಂದೇ ಪೇಜ್ (ಡೇಟಾದ ಚಿಕ್ಕ ತುಂಡು), ಅಳಿಸುವುದು ಮಾತ್ರ ಎಷ್ಟೋ ಪೇಜ್‌ಗಳಿರುವ ಇಡೀ ಬ್ಲಾಕ್. ಡ್ರೈವ್ ತುಂಬಿಹೋಗಿದ್ದರೆ, ಒಂದು ಬ್ಲಾಕ್ ಖಾಲಿ ಮಾಡಲು ಅದರಲ್ಲಿ ಉಳಿದಿರುವ ಡೇಟಾವನ್ನು ಬೇರೆ ಕಡೆ ಮತ್ತೆ ಬರೆಯಬೇಕು. ನೀವು ಸೇವ್ ಮಾಡಿದ್ದು ಸ್ವಲ್ಪ, ಚಿಪ್ ಬರೆದದ್ದು ಜಾಸ್ತಿ! ಹಾಗಾಗಿ ಶೇ. 10–20ರಷ್ಟು ಜಾಗ ಖಾಲಿ ಬಿಡಿ. ನನ್ನ ಪ್ರಕಾರ ಇದೇ ಮುಖ್ಯ.

ಆಪರೇಟಿಂಗ್ ಸಿಸ್ಟಮ್‌ನಲ್ಲಿರುವ ಟ್ರಿಮ್ ಸೌಲಭ್ಯ ಆನ್ ಇರಲಿ. ಡಿಲೀಟ್ ಮಾಡಿದ ಫೈಲ್‌ನ ಡೇಟಾ ಇನ್ನು ಬೇಡ ಎಂದು ಡ್ರೈವ್‌ಗೆ ಗೊತ್ತಾಗುವುದೇ ಅದರಿಂದ. ಡಿಫ್ರ್ಯಾಗ್ (ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಜೋಡಿಸುವುದು) ಬೇಡ, ಸುಮ್ನೆ ಸವೆತ. ಬರೆಯುವ ಕೆಲಸ ಜಾಸ್ತಿ ಇದ್ದರೆ, ಒಂದೊಂದು ಸೆಲ್‌ಗೆ (ಡೇಟಾ ಹಿಡಿದಿಡುವ ಪುಟ್ಟ ಕೋಶ) 4 ಬಿಟ್ ತುಂಬುವ ಕ್ಯೂಎಲ್‌ಸಿ ಡ್ರೈವ್‌ಗಿಂತ 3 ಬಿಟ್‌ನ ಟಿಎಲ್‌ಸಿ ಡ್ರೈವ್ ವಾಸಿ. ಇನ್ನು, ಬ್ಯಾಕಪ್ ಎಂದು ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟುಬಿಡಬೇಡಿ. ಕರೆಂಟ್ ಇಲ್ಲದಿದ್ದರೆ ಸೆಲ್‌ನಲ್ಲಿರುವ ಚಾರ್ಜ್ ಮೆಲ್ಲಗೆ ಸೋರುತ್ತದೆ, ಬಿಸಿ ಜಾಗದಲ್ಲಿ ಇನ್ನೂ ಬೇಗ.