ವರದಿಯಲ್ಲಿ ಇಂಗಾಲ ಧಾರಾಳ, ಗಿಡ ಮಾತ್ರ ಹಳದಿ

ಪ್ರಶ್ನೆ: ನಾನು ಕೊಪ್ಪಳದ ಕಡೆಯವನು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ತೆರೆದ ಕಲ್ಲಿದ್ದಲು ಗಣಿಯೊಂದರಲ್ಲಿ ಗಿಡ ನೆಡುವ ಗುತ್ತಿಗೆ ಕೆಲಸ ನೋಡಿಕೊಳ್ಳುತ್ತೇನೆ. ಓಬಿ ಡಂಪ್ (ಕಲ್ಲಿದ್ದಲಿನ ಮೇಲಿನ ಮಣ್ಣು, ಕಲ್ಲು ತೆಗೆದು ಸುರಿದ ಗುಡ್ಡೆ) ಮೇಲೆ ಎರಡು ವರ್ಷದ ಹಿಂದೆ ನೆಟ್ಟ ಬೇವು, ಸಿಸ್ಸೂ ಇನ್ನೂ ಮೊಣಕಾಲುದ್ದ ದಾಟಿಲ್ಲ, ಎಲೆಯೆಲ್ಲ ಹಳದಿ. ಮಣ್ಣಿನ ವರದಿಯಲ್ಲಿ ರಸಸಾರ (ಪಿಎಚ್) 7.6, ಸಾವಯವ ಇಂಗಾಲ ಶೇ 1.9, ಸಾರಜನಕ ‘ಹೆಚ್ಚು’, ರಂಜಕ ‘ಕಡಿಮೆ’. ಕಲ್ಲಿದ್ದಲಿನ ಮಣ್ಣು ಹುಳಿ, ಸುಣ್ಣ ಹಾಕಿಸಿ ಎನ್ನುತ್ತಾರೆ ಮೇಲಿನವರು. ಹಾಕಿಸಲೇ?

ಉತ್ತರ: ಬೇಡ. ರಸಸಾರ 7ಕ್ಕಿಂತ ಕಡಿಮೆಯಾದರೆ ಮಾತ್ರ ಮಣ್ಣು ಹುಳಿ. 7.6 ಇರುವಲ್ಲಿ ಸುಣ್ಣ ಸುರಿದರೆ ಈಗಲೇ ಕಡಿಮೆಯಿರುವ ರಂಜಕ ಇನ್ನಷ್ಟು ಕಟ್ಟಿಕೊಳ್ಳುತ್ತದೆ, ಸತುವು ಕಬ್ಬಿಣವೂ ಗಿಡಕ್ಕೆ ಸಿಗುವುದಿಲ್ಲ.

ನಿಮ್ಮ ಮೇಲಿನವರ ಮಾತು ಪೂರ್ತಿ ಸುಳ್ಳಲ್ಲ, ಊರು ತಪ್ಪಿದೆ ಅಷ್ಟೆ. ಅಸ್ಸಾಮಿನ ಮಾರ್ಗರಿಟಾ, ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಅಲ್ಲಿನ ಪೈರೈಟ್ (ಕಬ್ಬಿಣ, ಗಂಧಕ ಕೂಡಿದ ಖನಿಜ) ಗಾಳಿ, ನೀರು ತಾಗಿ ಗಂಧಕಾಮ್ಲವಾಗುತ್ತದೆ. ಪೈರೈಟ್ ರೂಪದ ಗಂಧಕ ಶೇ 1 ಇದ್ದರೆ ಸಾವಿರ ಟನ್ ಮಣ್ಣಿಗೆ 31.25 ಟನ್ ಸುಣ್ಣದಕಲ್ಲಿನ ಪುಡಿ ಬೇಕು. ಚಂದ್ರಾಪುರದ್ದು ಗೊಂಡ್ವಾನಾ ಎಂಬ ಹಳೆಯ ಶಿಲಾಪದರಗಳ ಕಲ್ಲಿದ್ದಲು, ಗಂಧಕ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಆದರೂ ಪೈರೈಟ್ ನಿಧಾನಕ್ಕೆ ಕರಗುವ ಸರಕು. ಇಂದಿನ ರಸಸಾರ ನಾಳಿನದನ್ನು ಹೇಳುವುದಿಲ್ಲ. ಒಮ್ಮೆ ಗಂಧಕದ ಪರೀಕ್ಷೆಯನ್ನೂ ಮಾಡಿಸಿಬಿಡಿ.

ನನಗೆ ಅನುಮಾನ ಇರುವುದು ಆ 1.9ರ ಮೇಲೆ. ಅದು ಮಲೆನಾಡಿನ ಕಾಡಿನ ಮಣ್ಣಿನಲ್ಲಿ ಕಂಡರೆ ಸರಿ; ನೆಲದಾಳದಿಂದ ಎತ್ತಿ ಹಾಕಿದ ಮರಳುಗಲ್ಲು, ಜೇಡಿಗಲ್ಲಿನ ರಾಶಿಗೆ ಎರಡೇ ವರ್ಷದಲ್ಲಿ ಎಲ್ಲಿಂದ ಬಂತು? ಕಲ್ಲಿದ್ದಲಿನ ಚೂರಿನಿಂದ. ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ವಾಕ್ಲಿ–ಬ್ಲಾಕ್ ವಿಧಾನದಲ್ಲಿ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಇಂಗಾಲವನ್ನು ಸುಡುತ್ತವೆ. ಕೊಳೆತ ಎಲೆಯದರ ಜೊತೆ ಕಲ್ಲಿದ್ದಲಿನ ಇಂಗಾಲವೂ ಒಂದಷ್ಟು ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಹೊಲದ ಮಣ್ಣಿನಲ್ಲಿ ಇಂಗಾಲ ಶೇ 0.75 ದಾಟಿದರೆ ‘ಹೆಚ್ಚು’. ಎಷ್ಟೋ ಕಡೆ ಸಾರಜನಕವನ್ನು ಬೇರೆ ಅಳೆಯದೆ ಇದೇ ಅಂಕಿಯಿಂದ ಊಹಿಸುತ್ತಾರೆ. ನಿಮ್ಮ ವರದಿಯ ಸಾರಜನಕ ಹಾಗೆ ಬಂದದ್ದೇ ಇರಬೇಕು. ಕಲ್ಲಿದ್ದಲನ್ನು ಸೂಕ್ಷ್ಮಜೀವಿಗಳು ತಿಂದು ಗಿಡಕ್ಕೆ ಸಾರಜನಕ ಬಿಟ್ಟುಕೊಡುವುದು ಇಲ್ಲವೆನ್ನುವಷ್ಟು ನಿಧಾನ. ಹಳದಿ ಎಲೆ ಹೇಳುತ್ತಿರುವುದೇ ನಿಜ: ಸಾರಜನಕ ಸಾಲದೆಂದೇ ಕಾಣುತ್ತದೆ.

ಇನ್ನೊಂದು ಮಾತು. ಪ್ರಯೋಗಾಲಯದವರು 2 ಮಿ.ಮೀ. ಜರಡಿ ಹಿಡಿದು ಕಲ್ಲು ಎಸೆದು, ಉಳಿದ ಪುಡಿಯನ್ನು ಮಾತ್ರ ಅಳೆಯುತ್ತಾರೆ. ನಿಮ್ಮ ಗುಂಡಿಯಲ್ಲಿ ಅರ್ಧಕ್ಕರ್ಧ ಕಲ್ಲಿದ್ದರೆ ಬೇರಿಗೆ ಸಿಗುವ ಸಾರ, ನೀರು ಎರಡೂ ಅರ್ಧ. ಮೇಲಿಂದ ಡೋಜರ್ ಓಡಿ ನೆಲ ಗಟ್ಟಿಯಾಗಿದ್ದರೆ ಅದೂ ಸಿಗದು. ಗುದ್ದಲಿಯಿಂದ ಎರಡಡಿ ಅಗೆದು, ಬೇರು ಎಲ್ಲಿ ಅಡ್ಡ ತಿರುಗಿದೆ ಎಂದು ಮೊದಲು ನೋಡಿ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಡಂಪಿನ ಮಣ್ಣನ್ನು ಎಂಟು ಕುಂಡಕ್ಕೆ ತುಂಬಿ ನಮ್ಮ ಜೋಳ ಬಿತ್ತಿ: ಎರಡಕ್ಕೆ ಏನೂ ಬೇಡ, ಎರಡಕ್ಕೆ ಚಿಟಿಕೆ ಯೂರಿಯಾ (ಸಾರಜನಕಕ್ಕೆ), ಎರಡಕ್ಕೆ ಸೂಪರ್ ಫಾಸ್ಫೇಟ್ (ರಂಜಕಕ್ಕೆ), ಎರಡಕ್ಕೆ ಎರಡೂ. ಅಲಸಂದೆ ಹಾಕಬೇಡಿ, ಅದು ಬೇರಿನ ಗಂಟುಗಳಿಂದ ತಾನೇ ಸಾರಜನಕ ಹೊಂದಿಸಿಕೊಂಡು ನಿಮಗೆ ಮೋಸ ಮಾಡುತ್ತದೆ. ಐದಾರು ವಾರದಲ್ಲಿ ಕಣ್ಣಿಗೇ ಕಾಣುತ್ತದೆ.

ಮುಂದಿನ ಮಳೆಗಾಲಕ್ಕೆ ಹೊಸದಾಗಿ ನೆಡುವ ಗುಂಡಿಯಲ್ಲಿ ದೊಡ್ಡ ಕಲ್ಲು ಆರಿಸಿ, ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಸೂಪರ್ ಫಾಸ್ಫೇಟ್ ಬೆರೆಸಿ ತುಂಬಿಸಿ. ವರ್ಷಗಟ್ಟಲೆ ಗುಡ್ಡೆ ಹಾಕಿಟ್ಟ ಮೇಲ್ಮಣ್ಣಾದರೆ ಅದರೊಳಗಿನ, ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರ ಬಹುಪಾಲು ಸತ್ತಿರುತ್ತದೆ. ಹತ್ತಿರದ ಕಾಡಿನ ಮರದ ಬುಡದ ಮಣ್ಣನ್ನು ಅನುಮತಿ ಪಡೆದು ಗುಂಡಿಗೊಂದು ಹಿಡಿ ಸೇರಿಸಿ. ಯೂರಿಯಾ ಒಂದೇ ಸಲ ಸುರಿದರೆ ಮಳೆಯಲ್ಲಿ ಇಳಿದು ಹೋಗುತ್ತದೆ. ಅದಕ್ಕಿಂತ ಸಾಲುಗಳ ನಡುವೆ ಸ್ಟೈಲೋ ಎಂಬ ದ್ವಿದಳ ಮೇವಿನ ಬೆಳೆ ಬಿತ್ತುವುದು ವಾಸಿ. ಸಾರಜನಕ ಕೂಡಿಸುತ್ತದೆ, ಕಾದು ಬೆಂಕಿಯಾಗುವ ಕರಿ ನೆಲವನ್ನೂ ಮುಚ್ಚುತ್ತದೆ. ಗಿಡದ ಸುತ್ತ ಮೂರಡಿ ಮಾತ್ರ ಖಾಲಿ ಬಿಡಿ, ಇಲ್ಲವಾದರೆ ಬೇಸಿಗೆಯಲ್ಲಿ ನೀರಿಗೆ ಜಗಳ.

ಕುಂಡಗಳ ಫಲಿತಾಂಶ ಬಂದ ಮೇಲೆ ಬರೆಯಿರಿ. ಯೂರಿಯಾ ಹಾಕಿದ ಜೋಳವೂ ಹಳದಿಯಾಗಿಯೇ ಉಳಿದರೆ ಸತುವು, ಕಬ್ಬಿಣದ ಲೆಕ್ಕ ನೋಡೋಣ.