ಹ್ಯಾಶ್ ಹಾಕಿದೆ, ಕ್ವೆರಿ ಇನ್ನೂ ತೆವಳುತ್ತಿದೆ!

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 4 ಕೋಟಿ ಸಾಲುಗಳ ಲಾಗ್ ಟೇಬಲ್ ಇದೆ. ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್‌ಗಳಲ್ಲಿ (ಪುಸ್ತಕದ ಕೊನೆಯ ಸೂಚಿಯಂಥವು) ಹ್ಯಾಶ್ ಇಂಡೆಕ್ಸ್ ಎಲ್ಲಕ್ಕಿಂತ ವೇಗ ಎಂದು ಸಹೋದ್ಯೋಗಿ ಹೇಳಿದರು. ಸಮಯದ ಕಾಲಂಗೆ ಅದನ್ನೇ ಹಾಕಿದೆ. ‘ಕಳೆದ ವಾರದ ಲಾಗ್’ ಕೇಳುವ ಕ್ವೆರಿ ಮೊದಲಿನಷ್ಟೇ ನಿಧಾನ. ಈಗ ಬೀ-ಟ್ರೀ ಹಾಕಲೋ, ಬ್ರಿನ್ ಹಾಕಲೋ? ಸ್ಟೇಟಸ್ ಕಾಲಂಗೂ ಇಂಡೆಕ್ಸ್ ಬೇಕಾ?
– ಓದುಗರೊಬ್ಬರು

ಉತ್ತರ: ನಿಮ್ಮ ಸಹೋದ್ಯೋಗಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ‘ಇದು ಅದಕ್ಕೆ ಸಮವೇ?’ ಎಂಬ ಒಂದೇ ಪ್ರಶ್ನೆಗೆ ಹ್ಯಾಶ್ ಉತ್ತರ ಕೊಡಬಲ್ಲದು. ವ್ಯಾಲ್ಯೂವನ್ನು ಹ್ಯಾಶ್ ಮಾಡಿ, ಅಂದರೆ ಒಂದು ಸಂಖ್ಯೆಯಾಗಿ ಬದಲಿಸಿ, ಯಾವುದೋ ಬಕೆಟ್‌ಗೆ ಹಾಕಿಬಿಡುತ್ತದೆ. ಸೋಮವಾರದ ಪಕ್ಕ ಮಂಗಳವಾರ ಎಂಬ ಕ್ರಮ ಅಲ್ಲಿ ಉಳಿಯುವುದೇ ಇಲ್ಲ. ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಕೇಳಿದರೆ, ಕ್ವೆರಿ ಓಡಿಸುವ ದಾರಿ ಆರಿಸುವ ಪ್ಲಾನರ್ ಅದರತ್ತ ತಿರುಗಿಯೂ ನೋಡುವುದಿಲ್ಲ. ಇನ್ನು ಸಮ ಎಂಬ ಹುಡುಕಾಟಕ್ಕೂ, ವ್ಯಾಲ್ಯೂಗಳನ್ನು ಕ್ರಮವಾಗಿ ಇಟ್ಟುಕೊಳ್ಳುವ ಬೀ-ಟ್ರೀಯೇ ಸಾಕು. 4 ಕೋಟಿ ಸಾಲಿದ್ದರೂ ನಾಲ್ಕೈದು ಪುಟ (ಡೇಟಾಬೇಸ್ ಒಮ್ಮೆಗೆ ಓದುವ ತುಂಡು) ದಾಟಿದರೆ ಸಾಲು ಕೈಗೆ ಸಿಗುತ್ತದೆ. ಉದ್ದುದ್ದದ ಯುಆರ್‌ಎಲ್‌ಗಳಂಥ ಕಾಲಂ ಇದ್ದರೆ ಮಾತ್ರ ನಾನು ಹ್ಯಾಶ್ ಬಗ್ಗೆ ಯೋಚಿಸುತ್ತೇನೆ.

ಬ್ರಿನ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಅದು ಪ್ರತಿ ಸಾಲನ್ನೂ ಬರೆದಿಡುವುದಿಲ್ಲ. 128 ಪುಟಕ್ಕೆ, ಅಂದರೆ 1 ಎಂಬಿಗೆ, ಅತಿ ಚಿಕ್ಕ ವ್ಯಾಲ್ಯೂ ಯಾವುದು, ಅತಿ ದೊಡ್ಡದು ಯಾವುದು ಎಂದಷ್ಟೇ ಇಟ್ಟುಕೊಳ್ಳುತ್ತದೆ. ನೂರಾರು ಎಂಬಿಯ ಬೀ-ಟ್ರೀ ತೆಗೆದು ಇದನ್ನು ಹಾಕಿದಾಗ ಇಂಡೆಕ್ಸ್ ಕೆಲವೇ ನೂರು ಕೆಬಿಗೆ ಇಳಿಯಿತು. ಬೀಗಿಬಿಟ್ಟೆ! ಆಮೇಲೆ ಬೇಡದ ಹಳೆಯ ಸಾಲುಗಳನ್ನು ಅಲ್ಲಲ್ಲಿ ಡಿಲೀಟ್ ಮಾಡುವ ಜಾಬ್ ಬರೆದೆ. ಪೋಸ್ಟ್‌ಗ್ರೆಸ್‌ನ ಕಸ ಗುಡಿಸುವ ವ್ಯಾಕ್ಯೂಮ್ ಆ ಜಾಗವನ್ನು ತೆರವು ಮಾಡಿತು. ಹೊಸ ಸಾಲುಗಳು ಬಂದು ಅಲ್ಲೇ ಕುಳಿತವು. ಒಂದೇ ಎಂಬಿಯೊಳಗೆ ಎರಡು ವರ್ಷದ ಹಿಂದಿನದೂ ಇವತ್ತಿನದೂ! ಯಾವ ದಿನ ಕೇಳಿದರೂ ‘ಇಲ್ಲಿರಬಹುದು’ ಎಂದು ಬ್ರಿನ್ ತಲೆಯಾಡಿಸತೊಡಗಿತು. ಬಹುತೇಕ ಇಡೀ ಟೇಬಲ್ ಓದುವ ಸ್ಥಿತಿ. ಕಾರಣ ಹುಡುಕಲು ನನಗೆ ಎರಡು ದಿನ ಬೇಕಾಯಿತು.

ಹಾಗಾಗಿ ಮೊದಲು ಟೇಬಲ್‌ನ ಅಂಕಿಅಂಶ ಹೊಸದಾಗಿ ಲೆಕ್ಕ ಹಾಕುವ ಅನಲೈಜ್ ಆದೇಶ ಓಡಿಸಿ. ಆಮೇಲೆ ಆ ಅಂಕಿಅಂಶ ತೋರಿಸುವ ಪಿಜಿ-ಸ್ಟ್ಯಾಟ್ಸ್‌ನಲ್ಲಿ ಸಮಯದ ಕಾಲಂನ ಕೋರಿಲೇಶನ್ (ಸಾಲುಗಳು ಡಿಸ್ಕ್‌ನಲ್ಲಿ ಎಷ್ಟರಮಟ್ಟಿಗೆ ಸಮಯದ ಕ್ರಮದಲ್ಲೇ ಕುಳಿತಿವೆ ಎಂಬ ಅಳತೆ) ನೋಡಿ. 1ರ ಹತ್ತಿರವಿದ್ದು, ಟೇಬಲ್‌ಗೆ ಸಾಲು ಸೇರುವುದು ಬಿಟ್ಟು ಬೇರೇನೂ ಆಗುವುದಿಲ್ಲ ಎಂದಾದರೆ ಬ್ರಿನ್ ಹಾಕಿ. ಆದರೆ ‘ಇತ್ತೀಚಿನ 20 ಲಾಗ್’ ತೋರಿಸುವ ಪರದೆಯೂ ಇದ್ದರೆ ಬೀ-ಟ್ರೀ ಬೇಕೇ ಬೇಕು. ಸಾಲುಗಳನ್ನು ಕ್ರಮವಾಗಿ ಕೊಡುವುದು ಬ್ರಿನ್‌ಗೆ ಬರುವುದಿಲ್ಲ. ಅನುಮಾನವಿದ್ದರೆ ಬೀ-ಟ್ರೀ, ಜಾಗ ಸ್ವಲ್ಪ ಜಾಸ್ತಿ ಹೋದರೂ ಪರವಾಗಿಲ್ಲ.

ಸ್ಟೇಟಸ್‌ನಲ್ಲಿ ಮೂರ್ನಾಲ್ಕೇ ವ್ಯಾಲ್ಯೂ ಇರುತ್ತವೆ ಅಲ್ವಾ? ಇಡೀ ಕಾಲಂಗೆ ಇಂಡೆಕ್ಸ್ ದಂಡ. ನೀವು ಹುಡುಕುವುದು ‘ಫೇಲ್ಡ್’ ಮಾತ್ರ, ಅವೂ ಕಡಿಮೆ ಎಂದಾದರೆ, ಅಷ್ಟಕ್ಕೇ ಪಾರ್ಶಿಯಲ್ ಇಂಡೆಕ್ಸ್ ಕಟ್ಟಿ.

ಓಡುತ್ತಿರುವ ಟೇಬಲ್ ಆದರೆ ಇಂಡೆಕ್ಸ್ ಕಟ್ಟುವ ಆದೇಶದಲ್ಲಿ ‘ಕನ್‌ಕರೆಂಟ್ಲಿ’ ಪದ ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಇನ್ಸರ್ಟ್‌ಗಳೆಲ್ಲ ಕಾಯುತ್ತಾ ನಿಲ್ಲುತ್ತವೆ. ಆ ಹ್ಯಾಶ್ ಇಂಡೆಕ್ಸನ್ನು ಇವತ್ತೇ ಡ್ರಾಪ್ ಮಾಡಿ, ಪ್ರತಿ ಇನ್ಸರ್ಟ್‌ಗೂ ಸುಮ್ನೆ ಕೆಲಸ ಹೆಚ್ಚಿಸುತ್ತಿದೆ.